ಎಂಟು ಅಂದರೆ ಎಂಟು ಏನು?

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಮೀನಿನ ಲಾರಿಗಳು ಕುಣಿಗಲ್ಲಿನ ರಸ್ತೆಯ ಮೇಲೆ ಒಂದಿಷ್ಟು ನೀರು ಸುರಿಸಿಕೊಂಡು ಹೋಗುತ್ತವೆ. ಸಮುದ್ರಕ್ಕೂ ನಮ್ಮ ಸೀಮೆಗೂ ಇರುವ ಸಂಬಂಧ ಅಷ್ಟೇ. ಇಂಥ ಸೀಮೆಯಲ್ಲಿ ನಾನು ಮೀಸೆ ಚಿಗುರಿದಾಗಿನಿಂದ ಮೀಸೆ ಬೆಳ್ಳಗಾಗುವ ತನಕ ನೌಕಾ ನಿರ್ಮಾಣ ಮಾಡಿದೆ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ಅವಕಾಶ ಕಡಿಮೆ.

ಈಗ ಕಂಡ ಕಂಡ ಕೆರೆಗೆಲ್ಲ ಬೋಟಿಂಗ್ ಬಂದಿದೆ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಯಾರಾದರೂ ಬಂದು, "ರುದ್ರಣ್ಣ, ನೀವು ಹಳಬರು, ಕೆಲಸದ ವಿಚಾರ ಏನಾದ್ರೂ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಮೋಟಾರು ಕೆಟ್ಟರೆ ಏನು ಮಾಡಬೇಕು ಎಂಬುದು. ಅದನ್ನು ಹೇಳಿಕೊಡುವುದಕ್ಕೆ ಮೊಬೈಲಿದೆ. ನಾನು ಹೇಳುವುದು ಅದರಲ್ಲಿ ಸಿಗುವುದಿಲ್ಲ. ಸಿಗದೇ ಇರಲಿ ಎಂದು ಕೆಲವರು ಪ್ರಯತ್ನವನ್ನೂ ಪಟ್ಟಿದ್ದಾರೆ.

ಕುಣಿಗಲ್ಲಿನಿಂದ ಹುಲಿಯೂರುದುರ್ಗದ ಕಡೆ ಹೋಗುವಾಗ ಒಂದು ಕೆರೆ ಸಿಗುತ್ತದೆ. ಹೆಸರು ಬೇಡ, ಅದರ ಮೀನನ್ನು ಜನ ಈಗಲೂ ತಿನ್ನುತ್ತಾರೆ. ಆ ಕೆರೆಯ ದಂಡೆಯಲ್ಲಿ ತೆಪ್ಪದ ಮನೆಯವರ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಒಂದು ಹೊಂಗೆ ಮರ, ಮರದ ಕೆಳಗೆ ಹಂಚಿನ ಕೊಟ್ಟಿಗೆ, ಡಾಂಬರು ಕಾಯಿಸುವ ಒಲೆ. ಯಜಮಾನರು ಮರಿಯಪ್ಪನವರು. ಅವರ ತಂದೆಯೂ ಹರಿಗೋಲು ಹೆಣೆದವರು, ತಾತನೂ ಹೆಣೆದವರು. ಹರಿಗೋಲು ಗೊತ್ತಲ್ಲ: ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಚರ್ಮ, ಒಳಗೆ ದೇವರ ದಯೆ.

ನಾನು ಸೇರಿದಾಗ ಚರ್ಮದ ಕಾಲ ಮುಗಿಯುತ್ತಾ ಬಂದಿತ್ತು. ಎಮ್ಮೆಯ ಚರ್ಮವನ್ನು ನೆನೆಹಾಕಿ, ಎಳೆದು, ಬಿದಿರಿಗೆ ಬಿಗಿಯಬೇಕು. ಆ ವಾಸನೆ ಸ್ನಾನಕ್ಕೆ ಬಗ್ಗುವಂಥದ್ದಲ್ಲ. ಹಬ್ಬದ ಮುಂಚಿನ ದಿನವೂ ಹುಲಿಯೂರುದುರ್ಗದ ಬಸ್ಸಿನಲ್ಲಿ ಕಾಲು ಚಾಚಿಕೊಂಡು ಕೂತು ಬಂದವನು ಇಡೀ ತಾಲ್ಲೂಕಿಗೆ ನಾನೊಬ್ಬನೇ. ನನ್ನ ಮಾವನವರು ಜಗಲಿಯ ಆ ತುದಿಯಲ್ಲಿ ಕೂತು, ನನ್ನನ್ನು ಈ ತುದಿಯಲ್ಲಿ ಕೂರಿಸಿ, ಮದುವೆಯ ಮಾತು ಮುಗಿಸಿದರು.

ಚರ್ಮ ಹೋಗಿ ಟಾರ್ಪಾಲು ಬಂತು, ಟಾರ್ಪಾಲಿನ ಮೇಲೆ ಡಾಂಬರು. ಅದು ಹೋಗಿ ದಪ್ಪ ಪ್ಲಾಸ್ಟಿಕ್ಕು ಬಂತು. ಕೊನೆಗೆ ಫೈಬರ್ ಬಂತು. ಫೈಬರಿಗೆ ಬೇಕಾದ ಅಂಟನ್ನು ಮರಿಯಪ್ಪನವರು ತುಮಕೂರಿಗೆ ಖುದ್ದಾಗಿ ಹೋಗಿ ತಂದರು. ಅದಕ್ಕೆ ಗಟ್ಟಿಮಾಡುವ ಮದ್ದನ್ನು ಹನಿ ಲೆಕ್ಕದಲ್ಲಿ ಬೆರೆಸಬೇಕು ಎಂದು ಅಂಗಡಿಯವನು ಹೇಳಿದ್ದ. ಯಜಮಾನರು ಬಹಳ ಧಾರಾಳಿ. ಮದ್ದನ್ನು ಸಾರಿಗೆ ಒಗ್ಗರಣೆ ಹಾಕುವ ಹಾಗೆ ಹಾಕಿದರು. ಬಕೆಟ್ಟಿನಲ್ಲಿ ಹೊಗೆ ಎದ್ದಿತು. ನಾವು ಓಡಿದೆವು. ಹೊಗೆ ಆರಿದ ಮೇಲೆ ಬಂದು ನೋಡಿದರೆ ಅಂಟು, ಕೋಲು, ಬಕೆಟ್ಟು ಮೂರೂ ಒಂದೇ ವಸ್ತುವಾಗಿ ನಿಂತಿದ್ದವು. ಮರಿಯಪ್ಪನವರು ಅದನ್ನು ಎತ್ತಿ ಕೆರೆಗೆ ಎಸೆದರು. ತೇಲಿತು.

"ನೋಡ್ಲಾ ರುದ್ರ, ತೇಲ್ತದೆ. ಕೆಲ್ಸ ಗೊತ್ತಾಯ್ತು ಅಂತ ತಿಳ್ಕೊ" ಎಂದರು.

ಫೈಬರ್ ಹರಿಗೋಲಿನ ನಿರ್ಮಾಣದ ಬಗ್ಗೆ ನನಗೆ ಸಿಕ್ಕ ಸಮಗ್ರ ತರಬೇತಿ ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಅವರು ಧಾರಾಳಿಯಲ್ಲ. ಯಾವ ದೋಣಿಯನ್ನೂ ಮೂಟೆ ಕೂರಿಸದೆ ಹೊರಗೆ ಬಿಡುತ್ತಿರಲಿಲ್ಲ. ಹೊಸ ಹರಿಗೋಲನ್ನು ನೀರಿಗಿಳಿಸಿ, ಅದರೊಳಗೆ ಮರಳಿನ ಮೂಟೆಗಳನ್ನು ಒಂದೊಂದಾಗಿ ಇಡಬೇಕು. ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿಯುವ ತನಕ ಇಡಬೇಕು. ಆಮೇಲೆ ಮೂಟೆ ಎಣಿಸಿ, ಒಳಗಿನ ಅಂಚಿನ ಮೇಲೆ ಆ ಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ಬರೆಯಬೇಕು. ಆರು, ಎಂಟು, ಹತ್ತು. ಬರೀ ಸಂಖ್ಯೆ. ರಾಗಿ, ಹುಲ್ಲು, ಗೊಬ್ಬರವನ್ನು ದಡದಿಂದ ದಡಕ್ಕೆ ಸಾಗಿಸುತ್ತಿದ್ದ ಕಾಲದಿಂದ ಬಂದ ಪದ್ಧತಿ ಇದು. ತೆಪ್ಪದ ಮನೆಯ ಹರಿಗೋಲಿನ ಮೇಲೆ ಎಂಟು ಇದ್ದರೆ ಎಂಟು ಮೂಟೆ ಎಂದು ಸುತ್ತಿನ ಊರಿಗೆಲ್ಲ ಗೊತ್ತಿತ್ತು. ಗೊತ್ತಿರುವುದನ್ನು ಬರೆಯಲು ಬಣ್ಣ ಯಾಕೆ ಹಾಳುಮಾಡಬೇಕು?

ಜನ ಹತ್ತುವುದಾದರೆ ಅರ್ಧ. ಹುಟ್ಟು ಹಾಕುವವನೂ ಆ ಅರ್ಧದೊಳಗೇ. ಇದನ್ನು ಎಲ್ಲೂ ಬರೆಯುತ್ತಿರಲಿಲ್ಲ, ಬಾಯಲ್ಲಿ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ಮರಿಯಪ್ಪನವರು ನನ್ನನ್ನು ನಿಲ್ಲಿಸಿಕೊಂಡು ಹೇಳಿದ್ದರು: "ಮೂಟೆ ಇಟ್ಟ ಕಡೆ ಇರ್ತದೆ ಕಣ್ಲಾ. ಜನ ಇರಲ್ಲ. ಒಬ್ಬ ಏಳ್ತಾನೆ, ಒಬ್ಬ ಬಗ್ತಾನೆ, ಒಬ್ಬ ಇನ್ನೊಬ್ಬನ್ನ ತಬ್ಕತಾನೆ. ಅದಕ್ಕೇ ಅರ್ಧ." ನನ್ನ ನಂತರ ಸೇರಿದ ಕೆಂಪಣ್ಣನಿಗೂ ಇದನ್ನೇ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

ಕೆಂಪಣ್ಣನ ವಿಚಾರ ಹೇಳಬೇಕು. ದೋಣಿ ಕಟ್ಟುವುದರಲ್ಲಿ ಅವನು ಅಷ್ಟಕ್ಕಷ್ಟೆ. ಬಿದಿರು ಸೀಳಲು ಕೊಟ್ಟರೆ ಸೌದೆ ಮಾಡಿ ಕೊಡುತ್ತಿದ್ದ. ನೀರಿನ ಮೇಲೆ ಮಾತ್ರ ಅವನ ಕೈಗೆ ಹುಟ್ಟು ಕೊಟ್ಟರೆ ಹರಿಗೋಲು ಸುತ್ತದೆ ಸೀದಾ ಹೋಗುತ್ತಿತ್ತು. ಹರಿಗೋಲು ಹಾಕಿದವರಿಗೆ ಗೊತ್ತು, ಅದು ಸೀದಾ ಹೋಗುವ ಜಾತಿಯಲ್ಲ. ಬಾಯಿ ಮಾತ್ರ ದೊಡ್ಡದು. ಈ ದಡದಲ್ಲಿ ಕೆಮ್ಮಿದರೆ ಆ ದಡದಲ್ಲಿ ಎಮ್ಮೆ ಬೆದರುತ್ತಿತ್ತು.

ಗೂಳೂರಿನ ಕಡೆಯ ಒಂದು ಊರಿನವರು ಗಣಪತಿ ಬಿಡಲು ತೆಪ್ಪ ಬೇಕೆಂದು ಬಂದದ್ದೂ ನೆನಪಿದೆ. ಡ್ರಮ್ಮುಗಳನ್ನು ಜೋಡಿಸಿ, ದೇವರ ತೂಕಕ್ಕೆ ಸರಿಯಾಗಿ ಮೂಟೆ ಇಟ್ಟು, ತೆಪ್ಪ ಕಟ್ಟಿಕೊಟ್ಟೆವು. ವಿಸರ್ಜನೆಯ ಹೊತ್ತಿಗೆ ದೇವರ ಜೊತೆ ಅರ್ಚಕರು ಹತ್ತಿದರು. ಅರ್ಚಕರು ಹತ್ತಿದ ಮೇಲೆ ಅಧ್ಯಕ್ಷರು ಹತ್ತದಿದ್ದರೆ ಹೇಗೆ? ಅಧ್ಯಕ್ಷರು ಹತ್ತಿದರೆ ಕಾರ್ಯದರ್ಶಿ ಬಿಡುತ್ತಾನೆಯೆ? ಕೊನೆಯಲ್ಲಿ ಹಾರ ಹಿಡಿದವನೊಬ್ಬ ಹಾರಿದ. ದೇವರು ಮಂತ್ರಕ್ಕೆ ಕಾಯದೆ ಮೊಳಕಾಲುದ್ದದ ನೀರಿನಲ್ಲೇ ಐಕ್ಯನಾದ. ಸಮಿತಿಯವರು ಕೆಸರಿನಲ್ಲಿ ಎದ್ದು ನಿಂತು ನಮ್ಮನ್ನು ಬೈದರು. ಮರಿಯಪ್ಪನವರು ಪಂಚೆ ಎತ್ತಿ ಕಟ್ಟಿ ಕೇಳಿದರು: "ಸ್ವಾಮಿ, ನಾನು ಕಟ್ಟಿದ್ದು ದೇವ್ರಿಗೆ. ಭಕ್ತರಿಗೂ ಸೇರ್ಸಿ ಅಂತ ಯಾರು ಹೇಳುದ್ರು?" ಎಲ್ಲರೂ ನಕ್ಕರು. ಕೆಸರಿನ ಆಳ ಮೊಳಕಾಲಿನಷ್ಟಿದ್ದರೆ ಯಾರಾದರೂ ನಗಬಹುದು.

ನಮ್ಮ ವೃತ್ತಿಗೆ ಇನ್ನೊಂದು ಮುಖವಿತ್ತು. ದೋಣಿ ಇರುವವರು ನಾವೊಬ್ಬರೇ ಆದ್ದರಿಂದ, ಸುತ್ತಮುತ್ತ ಯಾರು ನೀರಿಗೆ ಬಿದ್ದರೂ ಪೊಲೀಸರು ನಮ್ಮನ್ನೇ ಕರೆಯುತ್ತಿದ್ದರು. ಹಗ್ಗ, ಕೊಕ್ಕೆ, ಹರಿಗೋಲು ಹೊತ್ತುಕೊಂಡು ಹೋಗುತ್ತಿದ್ದೆವು. ಈ ಕೆಲಸಕ್ಕೆ ಹೆಸರಿಲ್ಲ, ಸಂಭಾವನೆ ಕಾಫಿ. ಮರಿಯಪ್ಪನವರ ತಂದೆಯ ಕಾಲದಿಂದ ಇದಕ್ಕೊಂದು ಕಟ್ಟು ಇತ್ತು: ನೀರಿನ ಮೇಲೆ ಇರುವಾಗ ಹೆಣ ಎನ್ನಬಾರದು. "ಮನೆಯವರು" ಎನ್ನಬೇಕು. ಯಾರದೋ ಮನೆಯವರು ತಾನೆ. "ಮನೆಯವರು ಎಲ್ಲವ್ರೆ?" "ಮನೆಯವರು ತೂಬಿನ ಕಡೆ ಇರ್ಬೇಕು." "ಮನೆಯವರು ಸಿಕ್ರು." ಹೀಗೆ. ಎಷ್ಟು ರೂಢಿಯಾಗಿತ್ತು ಎಂದರೆ, ಮನೆಯಲ್ಲಿ ನನ್ನ ಹೆಂಡತಿ ಯಾರಿಗಾದರೂ "ನಮ್ಮನೆಯವರು ಮಲಗವ್ರೆ" ಎಂದರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ಗುಬ್ಬಿಯ ಕಡೆ ಒಂದು ಕೆರೆಗೆ ಹೋಗಿದ್ದೆವು. ಏರಿಯ ಮೇಲೆ ಒಬ್ಬರ ಚಪ್ಪಲಿ, ಮಡಿಸಿಟ್ಟ ಶರಟು ಸಿಕ್ಕಿತ್ತು. ಅವರ ಕಡೆಯ ಜನವೆಲ್ಲ ಕೂತು ಅಳುತ್ತಿದ್ದರು. ನಾವು ಬಿಸಿಲಿನಲ್ಲಿ ಕೊಕ್ಕೆ ಎಳೆದೂ ಎಳೆದೂ ಸಾಕಾದೆವು. ಸಂಜೆಯ ಹೊತ್ತಿಗೆ ಬನಿಯನ್ ಹಾಕಿಕೊಂಡ ಒಬ್ಬ ಮನುಷ್ಯ ನೀರಿಗಿಳಿದು, ಹರಿಗೋಲಿನ ಅಂಚು ಹಿಡಿದುಕೊಂಡು ಕೇಳಿದ: "ಯಾರಣ್ಣ ಹೋಗಿದ್ದು?" ನಾವು ಹೆಸರು ಹೇಳಿದೆವು. "ಅಯ್ಯಯ್ಯೋ, ಅದು ನಾನೇ ಕಣಣ್ಣ" ಎಂದ. ಹೆಂಡತಿಯ ಮೇಲೆ ಮುನಿಸಿಕೊಂಡು, ಹೆದರಿಸೋಣ ಎಂದು ಚಪ್ಪಲಿ ಬಿಟ್ಟು, ತಂಗಿಯ ಮನೆಗೆ ಊಟಕ್ಕೆ ಹೋಗಿದ್ದನಂತೆ. ಕೆಂಪಣ್ಣ ಅವನನ್ನು ಕಂಕುಳಿಗೆ ಕೈಹಾಕಿ ಎತ್ತಿ ಹರಿಗೋಲಿಗೆ ಹಾಕಿಕೊಂಡು ದಡಕ್ಕೆ ಬಂದು, ಅಳುತ್ತಿದ್ದ ಹೆಂಡತಿಗೆ ಒಪ್ಪಿಸಿ, "ತಗೊಳಮ್ಮ, ನಿಮ್ಮನೆಯವರು ಸಿಕ್ರು" ಎಂದ. ಆಕೆ ಮೊದಲು ತಬ್ಬಿಕೊಂಡು ಆಮೇಲೆ ಹೊಡೆದಳು. ನನ್ನ ಇಡೀ ವೃತ್ತಿಯಲ್ಲಿ ಆ ಮಾತು ನಿಜವಾದ ಅರ್ಥದಲ್ಲಿ ಬಂದದ್ದು ಅದೊಂದೇ ಸಲ.

ಮರಿಯಪ್ಪನವರು ಹಾಸಿಗೆಯಲ್ಲೇ ಹೋದರು. ನೀರಿನವರಿಗೆ ಅದು ಗೌರವದ ಸಾವು. ಮಗಳು ಗೌರಮ್ಮ ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡಳು. ಎತ್ತಿ ಆಡಿಸಿದ ಮಗು, ಯಜಮಾನಿಯಾದ ಮೇಲೂ ಬಹುವಚನ ನನ್ನ ಬಾಯಿಗೆ ಬರಲಿಲ್ಲ. ಅವಳೇನೂ ಕೆಟ್ಟವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಂಬುವುದಿಲ್ಲ. ಸೇತುವೆ ಬಂದು ಸಾಗಣೆ ನಿಂತಿತ್ತು, ಮೀನಿನವರು ಹಳೆಯ ಹರಿಗೋಲಿಗೇ ತೇಪೆ ಹಾಕಿಕೊಂಡು ಕಾಲ ಹಾಕುತ್ತಿದ್ದರು, ನಮಗೆ ಕೆಲಸವಿರಲಿಲ್ಲ. ಬೆಂಗಳೂರಿನಿಂದ ಶನಿವಾರ ಭಾನುವಾರ ಕಾರುಗಳು ಬರತೊಡಗಿದ್ದನ್ನು ಮೊದಲು ನೋಡಿದವಳು ಅವಳು. ಡ್ರಮ್ಮುಗಳ ಮೇಲೆ ಹಲಗೆ ಹಾಸಿ ನೀರಿನೊಳಕ್ಕೆ ಒಂದು ಕಟ್ಟೆ ಮಾಡಿಸಿದಳು. ಅದರ ಎರಡು ಪಕ್ಕಕ್ಕೂ ಹರಿಗೋಲು ಕಟ್ಟಿದಳು. ಗೇಟಿಗೆ ದೊಡ್ಡ ಅಕ್ಷರದಲ್ಲಿ "ಮರೀನಾ" ಎಂದು ಬರೆಸಿದಳು. ದೋಣಿ ನಿಲ್ಲುವ ಜಾಗಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರಂತೆ. ಊರಿನವರು ಬಹಳ ದಿನ ಅದು ಯಾರೋ ಹೆಣ್ಣುಮಗಳು ಎಂದುಕೊಂಡಿದ್ದರು. "ಏನ್ಲಾ ರುದ್ರ, ಮರೀನಮ್ಮ ಯಾವೂರ್ನೋರು? ಕಾಣುಸ್ಕೊಳ್ಳೋದೇ ಇಲ್ವಲ್ಲ" ಎಂದು ನನ್ನನ್ನೇ ಕೇಳಿದವರಿದ್ದಾರೆ. ಬಹಳ ಸಂಕೋಚದ ಹೆಂಗಸು ಎಂದು ಹೇಳಿ ಕಳಿಸುತ್ತಿದ್ದೆ.

ಟಿಕೆಟ್ ಕೊಡುವ ಕಿಟಕಿಯ ಪಕ್ಕ ಒಂದು ಬೋರ್ಡು ಬೇಕಾಯಿತು. ಬೋರ್ಡು ಬರೆಯುವವನು ಕುಣಿಗಲ್ಲಿನಿಂದ ಬಂದ. ಒಂದು ದೋಣಿಗೆ ಎಷ್ಟು ಎಂದು ಕೇಳಿದ. ಗೌರಮ್ಮ ಯಾರದೋ ಫೋನಿನಲ್ಲಿದ್ದಳು. "ದೋಣಿ ಮೇಲೇ ಬರ್ದೈತಲ್ಲ, ನೋಡ್ಕೊಂಡು ಬರಿಯಪ್ಪ" ಎಂದಳು. ಅವನು ಹೋಗಿ ನೋಡಿದ. ಎಂಟು ಎಂದಿತ್ತು. ಬಂದು, ಒಂದು ದೋಣಿಗೆ ಎಂಟು ಜನ ಎಂದು ಬರೆದ. ಕೈಬರಹ ಮಾತ್ರ ಬಹಳ ಚೆನ್ನಾಗಿತ್ತು.

ನಾನು ನೋಡಿದ ದಿನವೇ ಹೋಗಿ ಹೇಳಿದೆ.

"ಗೌರಮ್ಮ, ಅದು ಮೂಟೆ ಲೆಕ್ಕ. ಜನ ಅಂದ್ರೆ ನಾಲ್ಕು."

"ಗೊತ್ತು ರುದ್ರಣ್ಣ. ನಮ್ಮಪ್ಪ ನನಗೂ ಹೇಳವ್ರೆ" ಎಂದಳು. "ಆದ್ರೆ ಅವಾಗಿನ ಮೂಟೆ ಅಂದ್ರೆ ಏನ್ ಮೂಟೆ! ಈಗಿನ ಜನ ನೋಡಿ, ಡಯಟ್ಟು ಮಾಡಿ ಮಾಡಿ ಕಡ್ಡಿ ಆಗವ್ರೆ. ಒಂದು ಕಾರಲ್ಲಿ ಏಳೆಂಟು ಜನ ಬತ್ತಾರೆ. ನಾಲ್ಕು ಜನ ಹತ್ತಿ, ನಾಲ್ಕು ಜನ ದಡದಲ್ಲಿ ನಿಂತ್ಕೊಳ್ಳಿ ಅಂದ್ರೆ ಎಂಟೂ ಜನ ವಾಪಸ್ ಹೋಯ್ತಾರೆ."

"ಜಾಕೆಟ್ಟಾದ್ರೂ ಹಾಕಿಸ್ಬೇಕಲ್ಲ."

"ಕೊಡ್ತೀವಿ. ಹಾಕ್ಕೊಂಡ್ರೆ ಫೋಟೋದಲ್ಲಿ ಸೀರೆ ಕಾಣಲ್ಲ ಅಂತ ಬಿಚ್ಚಿಡ್ತಾರೆ. ಹೊಡಿಯಕ್ಕಾಯ್ತದಾ?"

ಕೆಂಪಣ್ಣನೂ ಒಂದೆರಡು ಸಲ ಗೊಣಗಿದ. ಎಂಟು ಜನ, ಅವನೊಬ್ಬ, ಒಂಬತ್ತು. ಆದರೆ ನೀರು ಶಾಂತವಾಗಿರುತ್ತಿತ್ತು, ಕೆರೆ ಅದೇ ಕೆರೆ, ಕೈ ಅದೇ ಕೈ. ವಾರದ ಮೇಲೆ ವಾರ ಏನೂ ಆಗಲಿಲ್ಲ. ಏನೂ ಆಗದೇ ಇರುವುದಕ್ಕಿಂತ ದೊಡ್ಡ ಸಾಕ್ಷಿ ಜನಕ್ಕೆ ಬೇಕಾಗಿಲ್ಲ. ಗೊಣಗಾಟ ನಿಂತಿತು. ನನ್ನದೂ ನಿಂತಿತು.

ಆ ಭಾನುವಾರ ತುಮಕೂರಿನಿಂದ ಒಂದೇ ಮನೆಯ ಜನ ಬಂದಿದ್ದರು. ಸೊಸೆಗೆ ನೀರೆಂದರೆ ಭಯ, ದಂಡೆಯಲ್ಲೇ ಉಳಿದಳು. ಎಲ್ಲರ ಚಪ್ಪಲಿ, ಚೀಲ ನೋಡಿಕೊಂಡು ಹಲಗೆಯ ಮೇಲೆ ಕೂತಳು. ಮಿಕ್ಕ ಎಂಟು ಜನ ಕೆಂಪಣ್ಣನ ಹರಿಗೋಲು ಹತ್ತಿದರು. ನಾನು ಕೊಟ್ಟಿಗೆಯಲ್ಲಿ ಇನ್ನೊಂದು ದೋಣಿಯ ಬಿರುಕು ಮುಚ್ಚುತ್ತಿದ್ದೆ. ಕೆರೆಯ ನಡುವೆ ಹೋದ ಮೇಲೆ, ದಂಡೆಯಲ್ಲಿ ಕೂತವಳೂ ಫೋಟೋದಲ್ಲಿ ಬರಲಿ ಎಂದು ಅವಳ ಗಂಡ ಫೋನು ಹಿಡಿದು ಎದ್ದು ನಿಂತನಂತೆ. ಅವನ ಹಿಂದೆ ಅವನ ಅಕ್ಕ ಎದ್ದಳು. ಅಕ್ಕನ ಮಗಳು, ಕಾಲೇಜಿಗೆ ಹೋಗುವವಳು, ಅಮ್ಮನ ಹೆಗಲು ಹಿಡಿದು ಎದ್ದಳು. ಕೆಂಪಣ್ಣ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕೂಗಿದ್ದು ಕೊಟ್ಟಿಗೆಗೆ ಕೇಳಿಸಿತು. ಮೂವರೂ ಒಂದೇ ಕಡೆ ಇದ್ದರು. ಹರಿಗೋಲಿಗೆ ಮುಂದೆ ಹಿಂದೆ ಇಲ್ಲ, ಎಲ್ಲ ಕಡೆಯೂ ಅಂಚೇ. ಆ ಅಂಚು ನೀರು ಕುಡಿಯಿತು.

ಕೆಂಪಣ್ಣ ಐದು ಜನರನ್ನು ಮಗುಚಿದ ಹರಿಗೋಲಿಗೆ ತಂದು ಆನಿಸಿದ. ನಾವು ಇನ್ನೊಂದು ದೋಣಿ ತೆಗೆದುಕೊಂಡು ಹೋಗಿ ಅವರನ್ನು ದಡ ಸೇರಿಸಿದೆವು. ಎದ್ದು ನಿಂತಿದ್ದ ಆ ಮೂವರು ಕಾಣಲಿಲ್ಲ. ಅಷ್ಟು ಹೊತ್ತಿಗೆ ಏರಿಯ ಮೇಲೆ ಜನ ಸೇರಿದ್ದರು. ದಂಡೆಯಲ್ಲಿದ್ದವಳು ಹೋದವರು ಬಂದವರನ್ನೆಲ್ಲ ಹಿಡಿದು, "ನಮ್ಮನೆಯವರು ಎಲ್ಲಿ? ನಮ್ಮನೆಯವರನ್ನ ನೋಡಿದ್ರಾ?" ಎಂದು ಕೇಳುತ್ತಿದ್ದಳು. ಗಂಡನ ಹೆಸರು ಹೇಳದ ಮನೆತನದವಳು ಇರಬೇಕು.

ಕೆಂಪಣ್ಣ ಉಸಿರು ಕಟ್ಟಿ ಮುಳುಗುತ್ತಿದ್ದ, ಏಳುತ್ತಿದ್ದ, ಮತ್ತೆ ಮುಳುಗುತ್ತಿದ್ದ. ನಾನು ಹಗ್ಗ ಹಿಡಿದಿದ್ದೆ. ಒಂದು ಸಲ ಎದ್ದವನು ಕೈ ಮೇಲಕ್ಕೆತ್ತಿ, ಆ ಗಂಟಲಿನಲ್ಲಿ, ಇಡೀ ಕೆರೆಗೆ ಕೇಳುವ ಹಾಗೆ ಕೂಗಿದ:

"ಮನೆಯವರು ಸಿಕ್ರೂ!"

ನನಗೆ ಕೂಗಿದ್ದು ಅದು. ಮೂರು ತಲೆಮಾರಿನ ರೂಢಿ ಅದು. ಕೇಳಿಸಿಕೊಂಡವಳು ಅವಳು. ಚೀಲಗಳನ್ನೆಲ್ಲ ಬಿಟ್ಟು, ಕೈ ಜೋಡಿಸಿ, ನಗುತ್ತಾ ಸೊಂಟದ ತನಕ ನೀರಿಗೆ ಓಡಿಬಂದಳು. "ಸಿಕ್ಕಿದ್ರಂತೆ, ಸಿಕ್ಕಿದ್ರಂತೆ" ಎಂದು ಹಿಂದೆ ತಿರುಗಿ ಎಲ್ಲರಿಗೂ ಹೇಳಿದಳು. ನೀರಿಗೆ ಹೆದರುತ್ತಿದ್ದವಳು. ದೋಣಿ ಹತ್ತಿರ ಬರುವ ತನಕ ಅವಳ ಮುಖ ಹಾಗೇ ಇತ್ತು. ಅಷ್ಟು ದೂರ ಹುಟ್ಟು ಹಾಕಿದವನು ನಾನು. ನಿಧಾನವಾಗಿ ಹಾಕಿದೆ.

ಆಮೇಲೆ ಜನ ಕೆಂಪಣ್ಣನಿಗೆ ಹೊಡೆದರು. ಹೆಣ ತರುತ್ತಾ ತಮಾಷೆ ಮಾಡಿದ ಎಂದು ಅವರಿಗೆ ಅನಿಸಿತ್ತು. ಅವಳ ಮುಖ ನೋಡಿದ ಯಾರಿಗಾದರೂ ಹಾಗೇ ಅನಿಸುತ್ತಿತ್ತು. ನಾನು ವಿವರಿಸಲು ಹೋದೆ, ನನಗೂ ಬಿದ್ದವು. ಕೆಂಪಣ್ಣ ಕೈ ಅಡ್ಡ ಇಡಲಿಲ್ಲ. ಹುಬ್ಬು ಹರಿದು ರಕ್ತ ಸುರಿಯುತ್ತಿದ್ದರೂ ಅದೇ ಮೈಯಲ್ಲಿ ಮತ್ತೆ ನೀರಿಗಿಳಿದು ಮಿಕ್ಕ ಇಬ್ಬರನ್ನೂ ತಂದ. ಆ ಎರಡು ಸಲವೂ ಏನೂ ಕೂಗಲಿಲ್ಲ.

ಕೇಸು ಅವನ ಮೇಲೆ ಬಿತ್ತು. ಜನರ ಸಿಟ್ಟಿಗೆ ಒಂದು ಮುಖ ಬೇಕಿತ್ತು, ಅವನ ಮುಖ ಆಗಲೇ ಗುರುತಾಗಿತ್ತು. ಕಾರ್ಖಾನೆಯ ಪರವಾಗಿ ವಕೀಲರು ಒಂದು ದಾರಿ ಕಂಡುಹಿಡಿದರು: ದೋಣಿಯ ಮಿತಿ ಎಂಟು ಜನ, ಅದರಲ್ಲಿ ಅಂಬಿಗನೂ ಸೇರಿ. ಕೆಂಪಣ್ಣ ತನ್ನಿಷ್ಟಕ್ಕೆ ಒಬ್ಬರನ್ನು ಹೆಚ್ಚಿಗೆ ಹತ್ತಿಸಿದ. ಆದ್ದರಿಂದ ದೋಣಿಯದೂ ತಪ್ಪಿಲ್ಲ, ಮಾಲೀಕರದೂ ತಪ್ಪಿಲ್ಲ. ಇದು ನಿಲ್ಲಬೇಕಾದರೆ ದೋಣಿಯ ಮೇಲೆ ಆ ಎಂಟನ್ನು ಬರೆದವನು ಹೌದು ಎನ್ನಬೇಕು. ಬರೆದವನು ನಾನು.

ವಿಚಾರಣೆಯ ಮುಂಚಿನ ದಿನ ಮಧ್ಯಾಹ್ನ ಗೌರಮ್ಮ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಕಣ್ಣು ಊದಿಕೊಂಡಿತ್ತು.

"ರುದ್ರಣ್ಣ, ನಾನು ನಿದ್ದೆ ಮಾಡಿಲ್ಲ. ಆ ಕಾಲೇಜು ಹುಡುಗಿ ಕಣ್ಣಿಗೆ ಕಟ್ಟಿದಂಗೈತೆ" ಎಂದಳು. ಸುಳ್ಳು ಹೇಳುತ್ತಿರಲಿಲ್ಲ. "ಆದ್ರೆ ನಾನು ಒಳಗೆ ಹೋದ್ರೆ ಕಾರ್ಖಾನೆ ಹೋಯ್ತದೆ. ನೀವು, ಬಾಕಿ ಕೆಲ್ಸದೋರು, ಎಲ್ಲಾರ ಮನೆ ಒಲೆ ಆರ್ತದೆ. ಕೆಂಪಣ್ಣಂಗೆ ಒಳ್ಳೆ ವಕೀಲರನ್ನ ಇಡ್ತೀನಿ. ಅವನು ಬರೋ ತನಕ ಅವನ ಮನೆ ನನ್ ಮನೆ. ಅಪ್ಪನ ಮೇಲಾಣೆ."

"ಅವನು ಏನಂದ?"

"ರುದ್ರಣ್ಣ ಹೇಳ್ದಂಗೆ ಅಂದ."

"ಗೌರಮ್ಮ, ಎಂಟು ಅಂದ್ರೆ ಏನು ಅಂತ ನಿಂಗೂ ಗೊತ್ತಲ್ವಾ?"

"ಗೊತ್ತಿಲ್ದೆ ಇದ್ದಿದ್ರೆ ನಿಮ್ ಹತ್ರ ಯಾಕ್ ಬತ್ತಿದ್ದೆ?" ಎಂದು ಲೋಟ ಕೆಳಗಿಟ್ಟು ಎದ್ದಳು.

ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಒಳಗೆ ಒಂದು ಫ್ಯಾನು, ಅದು ವಿಚಾರಣೆ ನಡೆಸುವ ಸಾಹೇಬರಿಗೆ ಮಾತ್ರ ತಿರುಗುತ್ತಿತ್ತು. ಒಂದು ಕಡೆಯ ಬೆಂಚಿನಲ್ಲಿ ಗೌರಮ್ಮ, ವಕೀಲರು. ಇನ್ನೊಂದು ಕಡೆ ಸತ್ತವರ ಮನೆಯ ಜನ. ಆ ಸೊಸೆಯೂ ಇದ್ದಳು. ಬಾಗಿಲ ಬಳಿ ಕೆಂಪಣ್ಣ ನಿಂತಿದ್ದ, ಹುಬ್ಬಿನ ಮೇಲೆ ಹೊಲಿಗೆ. ನೆಲ ನೋಡುತ್ತಿದ್ದ.

"ದೋಣಿ ಮೇಲೆ ಎಂಟು ಅಂತ ಬರೆದೋರು ನೀವೇನಾ?" ಎಂದು ಸಾಹೇಬರು ಕೇಳಿದರು.

"ಹೌದು ಸ್ವಾಮಿ."

"ಎಂಟು ಅಂದ್ರೆ ಎಂಟು ಏನು?"

ಜೀವಮಾನದಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಗೌರಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಚಿಕ್ಕಂದಿನಲ್ಲಿ ಲಂಗದ ಅಂಚನ್ನು ಸುತ್ತಿಕೊಳ್ಳುತ್ತಿದ್ದ ಹಾಗೆ. ನನಗೆ ಕೆಲಸ ಕಲಿಸಿದ ಮನೆಯನ್ನು ಮುಳುಗಿಸಲು ಒಂದು ಪದ ಸಾಕಿತ್ತು. ಕೆಂಪಣ್ಣನನ್ನು ಮುಳುಗಿಸಲೂ ಒಂದೇ ಪದ ಸಾಕಿತ್ತು. ಬೇರೆ ಪದ ಇರಲಿಲ್ಲ.

"ಮೂಟೆ, ಸ್ವಾಮಿ."

ಬೆರಳಚ್ಚು ಮಾಡುತ್ತಿದ್ದವರು ಕೈ ನಿಲ್ಲಿಸಿದರು.

"ಏನು ಮೂಟೆ?"

"ಮರಳು ಮೂಟೆ. ಜನ ಆದ್ರೆ ಅರ್ಧ. ನಾಲ್ಕು ಜನ. ಹುಟ್ಟು ಹಾಕೋನೂ ಅದರೊಳಗೇ."

"ಇದು ಯಾರ್ಯಾರಿಗೆ ಗೊತ್ತಿತ್ತು?"

"ಕಾರ್ಖಾನೇಲಿ ಎಲ್ಲರಿಗೂ ಗೊತ್ತು, ಸ್ವಾಮಿ."

ಸಾಹೇಬರು ಒಳ್ಳೆಯವರು, ಬೇಗ ಅರ್ಥಮಾಡಿಕೊಂಡರು. ಮಾಲೀಕರ ಬೋರ್ಡಿನಲ್ಲಿ ಎಂಟು ಎಂದಿರುವಾಗ ಕೂಲಿಯವನು ಎಂಟು ಜನರನ್ನು ಹತ್ತಿಸಿದ್ದನ್ನು ಅವನ ಇಷ್ಟ ಎನ್ನಲಾಗದು ಎಂದರು. ಕೆಲವು ತಿಂಗಳಲ್ಲಿ ಕೆಂಪಣ್ಣನ ಹೆಸರು ಕೇಸಿನಿಂದ ಹೋಯಿತು, ಗೌರಮ್ಮನ ಹೆಸರು ಅಲ್ಲಿ ಬಂತು. ಗೇಟಿಗೆ ಬೀಗ ಬಿತ್ತು. ಬೀಗ ಹಾಕಿದ ದಿನ ನನ್ನ ಉಳಿ, ಸುತ್ತಿಗೆ ತರಲು ಹೋಗಿದ್ದೆ. ಗೌರಮ್ಮ ಹೊಂಗೆ ಮರದ ಕೆಳಗೆ ನಿಂತಿದ್ದಳು.

"ನೀವು ಹೇಳಿದ್ದು ಸರಿ ರುದ್ರಣ್ಣ" ಎಂದಳು. "ಇನ್ಮೇಲೆ ನಮ್ಮನೆ ಕಡೆ ಬರ್ಬೇಡಿ."

ನನ್ನ ನಿವೃತ್ತಿಯ ಬೀಳ್ಕೊಡುಗೆ ಸಮಾರಂಭ ಅಲ್ಲಿಗೆ ಮುಕ್ತಾಯವಾಯಿತು. ಹಾರ ತುರಾಯಿ ಇರಲಿಲ್ಲ.

ಕೆಂಪಣ್ಣ ಈಗ ತುಮಕೂರಿನಲ್ಲಿ ಒಂದು ಕಲ್ಯಾಣ ಮಂಟಪದ ಕಾವಲುಗಾರ. ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಾನೆ. ಆ ಗಂಟಲು ಹೋಗಿದೆ, ಪಕ್ಕದಲ್ಲಿ ಕೂತರೂ ಮಾತು ಸರಿಯಾಗಿ ಕೇಳಿಸುವುದಿಲ್ಲ. ಕೇಸಿನಿಂದ ಬಿಟ್ಟ ಮೇಲೆ ಬಹಳ ದಿನ ನಮ್ಮ ಕಡೆ ಬರಲಿಲ್ಲ. ಸಂಕೋಚ ಇರಬೇಕು ಎಂದುಕೊಂಡೆ; ಬಂದು ಕೃತಜ್ಞತೆ ಅದೂ ಇದೂ ಹೇಳಿದರೆ ಹೇಗೆ ತಡೆಯುವುದು ಎಂದು ನಾನೇ ಒಂದು ಮಾತು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಒಂದು ದಿನ ಬೆಳಗ್ಗೆ ಬಂದ. ಜಗಲಿಯ ಮೇಲೆ ಕೂತ. ನನ್ನ ಹೆಂಡತಿ ಕಾಫಿ ಕೊಟ್ಟಳು. ಮಳೆ, ಮದುವೆಗಳ ಸೀಸನ್ನು, ಮಂಡಿನೋವು ಎಲ್ಲ ಆಯಿತು. ಆಮೇಲೆ ಹೇಳಿದ:

"ಅಣ್ಣ, ಅವತ್ತು ಕಚೇರೀಲಿ ನೀವು ಎಂಟು ಜನ ಅಂದಿದ್ರೆ, ನಾನು ಒಬ್ಬರನ್ನ ಜಾಸ್ತಿ ಹತ್ತಿಸ್ದೋನು ಆಗ್ತಿದ್ದೆ."

"ಜೈಲಿಗೆ ಹೋಗ್ತಿದ್ದೆ ಕಣೋ."

"ಹೋಗ್ತಿದ್ದೆ. ಬತ್ತಿದ್ದೆ." ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದ. "ನೀವು ನಾಲ್ಕು ಅಂದ್ರಿ. ಎಲ್ಲರಿಗೂ ಗೊತ್ತಿತ್ತು ಅಂದ್ರಿ. ನಿಜ, ಯಜಮಾನ್ರು ನನಗೂ ಹೇಳಿದ್ರು, ನೀವೂ ಅಲ್ಲೇ ಇದ್ರಿ. ದೋಣೀಲಿದ್ದಿದ್ದು ಒಂಬತ್ತು. ನಾಲ್ಕು ಕಳೆದ್ರೆ ಐದು ಜನ ಜಾಸ್ತಿ. ಐವರನ್ನ ಜಾಸ್ತಿ ಹತ್ತಿಸ್ದೋನು ನಾನು. ಆ ಐವರಲ್ಲಿ ಮೂವರು ಹೋದ್ರು."

ನಾನು ಸಿದ್ಧಮಾಡಿಕೊಂಡಿದ್ದ ಮಾತು ಇದಕ್ಕೆ ಹೊಂದುವಂತಿರಲಿಲ್ಲ.

"ಸಾಹೇಬರೇ ನಿಂದೇನೂ ತಪ್ಪಿಲ್ಲ ಅಂದ್ರಲ್ಲೋ" ಎಂದೆ.

"ಅವರು ಅಂದ್ರು. ಅವರು ಬೋರ್ಡು ನೋಡಿ ಅಂದ್ರು." ಕಾಫಿ ಮುಗಿಸಿ ಲೋಟ ಬೋರಲು ಹಾಕಿದ. "ನೀವು ದೋಣಿ ಕಟ್ಟಿದೋರು, ಅದಕ್ಕೇ ನಿಮ್ ತಾವ ಬಂದೆ. ಲೆಕ್ಕ ಎಲ್ಲಾದ್ರೂ ತಪ್ಪಿದ್ರೆ ಹೇಳಿ ಅಣ್ಣ."

ನಾನು ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದೆ. ಅವನು ಕಾಯುತ್ತಾ ಕೂತಿದ್ದ. ಇನ್ನೊಮ್ಮೆ ನೋಡಿದೆ. ತಪ್ಪಿರಲಿಲ್ಲ.